ಮೀಟರ್ ಸೀಲ್ ತುಂಡಾದರೆ ಟ್ಯಾಂಪರಿಂಗ್ ಆಗಿಬಿಡುತ್ತಾ?

ಕುವೆಂಪುನಗರ ಕಿಟ್ಟಿ:
ಎಲ್ಲರಿಗೂ ನಮಸ್ಕಾರ. ಮನೆಗೆ ಸುಣ್ಣಬಣ್ಣ ಮಾಡಿಸಿದೆವು. ಕರೆಂಟ್ ಮೀಟರ್ ಪೆಟ್ಟಿಗೆಯ ಹಿಂದೆ ಬ್ರಷ್ ಹೋಗುತ್ತಿಲ್ಲ ಅಂತ ಪೇಂಟರ್ ಹುಡುಗ ಅದನ್ನು ಸ್ವಲ್ಪ ಮುಂದಕ್ಕೆ ಎಳೆದಿದ್ದಾನೆ. ಸೀಲಿನ ತಂತಿ ತುಂಡಾಗಿದೆ. ಅವನು ಹೇಳಲಿಲ್ಲ, ನಾವು ನೋಡಲಿಲ್ಲ. ಈ ತಿಂಗಳು ರೀಡಿಂಗ್‌ಗೆ ಬಂದವರು ನೋಡಿದ ತಕ್ಷಣ, "ಸೀಲ್ ಹೋಗಿದೆ, ಇದು ಟ್ಯಾಂಪರಿಂಗ್ ಕೇಸ್, ಆಫೀಸಿಗೆ ಬರೆಯುತ್ತೇನೆ, ಸ್ಕ್ವಾಡ್ ಬಂದರೂ ಬರಬಹುದು" ಅಂದು ಹೋದರು.

ರೀಡಿಂಗ್ ಎಂದಿನಷ್ಟೇ ಇದೆ. ಗೃಹಜ್ಯೋತಿಯಲ್ಲಿದ್ದೇವೆ, ಬಿಲ್ಲೇ ಸೊನ್ನೆ. ಕದಿಯಲು ನಮಗೆ ಕಾರಣವೇ ಇಲ್ಲ. ಆದರೂ ಮಾವನವರಿಗೆ ಆ ಪದ ಕೇಳಿದಾಗಿನಿಂದ ನಿದ್ದೆ ಇಲ್ಲ. ಟಿವಿಯಲ್ಲಿ ಟ್ಯಾಂಪರಿಂಗ್ ಅಂದರೆ ಯಾರಾದರೂ ಜೈಲಿಗೆ ಹೋಗಿರುತ್ತಾರೆ, ಇಲ್ಲ ಎಲೆಕ್ಷನ್ ಸೋತಿರುತ್ತಾರೆ.

ಹಾಳಾಗುವುದಕ್ಕೂ ಟ್ಯಾಂಪರ್ ಆಗುವುದಕ್ಕೂ ವ್ಯತ್ಯಾಸ ಇದೆಯಾ? ಇದ್ದರೆ ಅದನ್ನು ಯಾರು ತೀರ್ಮಾನ ಮಾಡುತ್ತಾರೆ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಸಂಜೆ ಕಾಫಿ:
ಮೊದಲನೇ ಮಾತು, ಅದಕ್ಕೆ ಫೆವಿಕ್ವಿಕ್ ಹಾಕಬೇಡಿ. ನಮ್ಮ ಪಕ್ಕದ ಮನೆಯವರು ಹಾಕಿ ಪೇಚಿಗೆ ಸಿಕ್ಕಿದ್ದರು.

ಬಾಗಲಕೋಟೆ ಬಸು:
ಸೀಲ್ ಇರುವುದೇ ಅದಕ್ಕಲ್ಲೇನ್ರಿ? ಕಿತ್ತರೆ ಟ್ಯಾಂಪರಿಂಗ್, ಕೀಳದಿದ್ದರೆ ಅಲ್ಲ. ಇದರಲ್ಲಿ ಚರ್ಚೆ ಮಾಡುವುದು ಏನಿದೆ? ಎಲ್ಲರೂ "ಪೇಂಟರ್ ಮಾಡಿದ, ಇಲಿ ಕಡಿಯಿತು, ಮಗು ಎಳೆಯಿತು" ಅಂತಲೇ ಹೇಳುವುದು. ಇನ್ನು ಬಿಲ್ ಸೊನ್ನೆ ಅನ್ನುವುದು ನೆಪ ಅಲ್ಲ. ನಿಮ್ಮ ಪಾಲಿನ ಮಿತಿ ದಾಟಿದರೆ ದುಡ್ಡು ಕಟ್ಟಬೇಕು. ಮಿತಿ ದಾಟದ ಹಾಗೆ ನೋಡಿಕೊಳ್ಳಲು ಮೀಟರ್‌ಗೆ ಕೈ ಹಾಕುವವರು ಇಲ್ಲವೇ? ನಿಮ್ಮನ್ನು ಅನ್ನುತ್ತಿಲ್ಲ ಸರ್, ಅವರ ಕಡೆಯಿಂದ ನೋಡಿ ಹೇಳಿದೆ.

ಶಿರಸಿ ಸುಬ್ಬಿ:
ಬಸು ಅಣ್ಣ, ನೀವು ಬರುವುದೇ ಬೆಂಕಿ ಹಚ್ಚುವುದಕ್ಕೆ.

ಕಪ್ಪುಕೋಟು:
ಕಿಟ್ಟಿಯವರೇ, ನಾನು ಈ ಥರದ ಕೇಸುಗಳನ್ನು ನೋಡುವ ವಕೀಲ. ಗಾಬರಿ ಬೇಡ, ಆದರೆ ಸುಮ್ನೆ ಕೂರುವುದೂ ಬೇಡ.

2003ರ ವಿದ್ಯುತ್ ಕಾಯ್ದೆಯಲ್ಲಿ ಟ್ಯಾಂಪರ್ ಆದ ಮೀಟರ್ ಅನ್ನುವ ಮಾತು ಎರಡು ಕಡೆ ಬರುತ್ತದೆ. ಒಂದು ಕಲಂ 126. ಅದು ಅನಧಿಕೃತ ಬಳಕೆಯದು. ಅಲ್ಲಿ ಜೈಲಿಲ್ಲ, ಲೆಕ್ಕ ಹಾಕಿ ದುಡ್ಡು ವಸೂಲಿ. ಮಾಮೂಲಿ ದರದ ಎರಡರಷ್ಟು. ಯಾವಾಗಿನಿಂದ ನಡೆಯುತ್ತಿದೆ ಅಂತ ಗೊತ್ತಾಗದಿದ್ದರೆ ತಪಾಸಣೆಯ ದಿನದಿಂದ ಹಿಂದಕ್ಕೆ 12 ತಿಂಗಳವರೆಗೆ ಲೆಕ್ಕ ಹಿಡಿಯಬಹುದು. ಇನ್ನೊಂದು ಕಲಂ 135. ಅದು ಕಳ್ಳತನ. ಮೂರು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ.

ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಪದ. 135 ಶುರುವಾಗುವುದೇ "ಅಪ್ರಾಮಾಣಿಕವಾಗಿ" ಅನ್ನುವುದರಿಂದ. ಕದಿಯುವ ಉದ್ದೇಶ ಇದ್ದರೆ ಮಾತ್ರ ಅದು ಅನ್ವಯಿಸುತ್ತದೆ. 126ಕ್ಕೆ ಉದ್ದೇಶ ಬೇಕಿಲ್ಲ. ಒಡಿಶಾದ ಸೀತಾರಾಮ ರೈಸ್ ಮಿಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಈ ಎರಡನ್ನೂ ಬೇರೆ ಬೇರೆ ಮಾಡಿ ಹೇಳಿದೆ. ರೀಡಿಂಗ್‌ಗೆ ಬರುವವರು, ಕೆಲವೊಮ್ಮೆ ಅವರ ಮೇಲಿನವರೂ, ಎರಡನ್ನೂ ಒಂದೇ ಬಾಯಲ್ಲಿ "ಟ್ಯಾಂಪರಿಂಗ್" ಅಂದುಬಿಡುತ್ತಾರೆ. ಜನರಿಗೆ ಕೇಳಿಸುವುದು ಕಳ್ಳತನ ಅಂತಲೇ.

ಇವತ್ತೇ ಮಾಡಬೇಕಾದ್ದು: ಸೀಲು ಹೇಗಿದೆಯೋ ಹಾಗೆಯೇ ಇರಲಿ. ಮೊಬೈಲಲ್ಲಿ ಫೋಟೊ ತೆಗೆಯಿರಿ. ಆರ್‌ಆರ್ ನಂಬರ್ ಹಾಕಿ ಸೆಕ್ಷನ್ ಆಫೀಸಿಗೆ ಒಂದು ಪತ್ರ ಬರೆಯಿರಿ. ಬಣ್ಣ ಹೊಡೆಯುವಾಗ ಸೀಲು ತುಂಡಾಗಿದೆ, ಮೀಟರ್ ಪರೀಕ್ಷೆ ಮಾಡಿ ಹೊಸ ಸೀಲು ಹಾಕಿಕೊಡಿ ಅಂತ. ಎರಡನೇ ಪ್ರತಿಯ ಮೇಲೆ ಅವರ ಮೊಹರು, ತಾರೀಕು ಹಾಕಿಸಿಕೊಳ್ಳಿ. ಬಾಯಿಮಾತಲ್ಲಿ ಹೇಳಿ ಬರಬೇಡಿ.

ಬಾಗಲಕೋಟೆ ಬಸು:
ವಕೀಲರೇ, ಅದೇ 135ರಲ್ಲಿ "ಗ್ರಾಹಕನೇ ಮಾಡಿದ್ದಾನೆ ಅಂತ ಭಾವಿಸತಕ್ಕದ್ದು" ಅಂತಲೂ ಇದೆಯಲ್ಲ? ಅದನ್ನು ಯಾಕೆ ಬಿಟ್ಟಿರಿ?

ಕಪ್ಪುಕೋಟು:
ಬಿಟ್ಟಿಲ್ಲ, ಅಲ್ಲಿಗೆ ಬರುವ ಮೊದಲೇ ನೀವು ಬಂದಿರಿ. ಆ ಮಾತು ಪೂರ್ತಿ ಓದಿ. ವಿದ್ಯುತ್ ಬಳಸಲು ಯಾವುದೋ ಕೃತಕ ಸಾಧನ ಅಲ್ಲಿದೆ ಅಂತ ಮೊದಲು ಅವರು ತೋರಿಸಬೇಕು. ಅದಾದ ಮೇಲೆ "ಗ್ರಾಹಕನೇ ಮಾಡಿದ್ದು" ಅಂತ ಭಾವಿಸುವುದು. ಆಗಲೂ ಅದು ಕೊನೆಯ ಮಾತಲ್ಲ, ಅಲ್ಲ ಅಂತ ತೋರಿಸಲು ಗ್ರಾಹಕನಿಗೆ ಅವಕಾಶ ಇದೆ. ಪೇಂಟರ್ ಎಳೆದ ತಂತಿ ಯಾವ ಸಾಧನ ಹೇಳಿ? ಅದರಿಂದ ಒಂದು ಬಲ್ಬೂ ಉರಿಯುವುದಿಲ್ಲ.

ಬಾಗಲಕೋಟೆ ಬಸು:
ಸರಿ. ಆದರೆ ಸೀಲಿಗೆ ಬೆಲೆಯೇ ಇಲ್ಲ ಅಂತಾಯಿತು ಹಂಗಾದರೆ.

ಮೀಟರ್ ಮೇಷ್ಟ್ರು:
ಬೆಲೆ ಇದೆ ಬಸು ಅವರೇ, ಆದರೆ ಯಾವ ಸೀಲು ಅನ್ನುವುದು ಮುಖ್ಯ. ನಾನು ಮೀಟರ್ ಟೆಸ್ಟಿಂಗ್‌ನಲ್ಲಿ ಇದ್ದು ನಿವೃತ್ತನಾದವನು. ಪೆಟ್ಟಿಗೆಯ ಬಾಗಿಲಿಗೆ ಒಂದು ಸೀಲು ಇರುತ್ತದೆ. ವೈರ್ ಕೂಡಿಸುವ ಜಾಗದ ಮುಚ್ಚಳಕ್ಕೆ, ಅಂದರೆ ಟರ್ಮಿನಲ್ ಕವರ್‌ಗೆ ಇನ್ನೊಂದು. ಮೀಟರ್‌ನ ಮೈಗೇ ಮತ್ತೊಂದು, ಅದನ್ನು ಬಾಡಿ ಸೀಲ್ ಅನ್ನುತ್ತೇವೆ. ಪೆಟ್ಟಿಗೆ ಸೀಲು ಬಿಸಿಲಿಗೆ, ಮಳೆಗೆ, ಅಳಿಲಿಗೆ, ಪೇಂಟರ್‌ಗೆ ಹೋಗುವುದು ಮಾಮೂಲು. ಬಾಡಿ ಸೀಲು ಹಾಗೆ ಹೋಗುವುದಿಲ್ಲ. ಅದು ಹೋಗಿದ್ದರೆ ನಾವೂ ಹುಬ್ಬು ಏರಿಸುತ್ತಿದ್ದೆವು. ಕಿಟ್ಟಿಯವರು ಯಾವುದು ಅಂತ ನೋಡಿ ಹೇಳಲಿ.

ಇನ್ನೊಂದು ವಿಷಯ ಜನಕ್ಕೆ ಗೊತ್ತಿರುವುದಿಲ್ಲ. ಅಲ್ಯೂಮಿನಿಯಂ ಚಕ್ರ ತಿರುಗುವ ಹಳೇ ಮೀಟರ್ ಕಾಲದಲ್ಲಿ ನಮ್ಮ ಹತ್ತಿರ ಇದ್ದ ಸಾಕ್ಷಿ ಸೀಲು ಮಾತ್ರ. ಈಗಿನ ಎಲೆಕ್ಟ್ರಾನಿಕ್ ಮೀಟರ್ ತಾನೇ ಡೈರಿ ಬರೆಯುತ್ತದೆ. ಅಯಸ್ಕಾಂತ ಹತ್ತಿರ ತಂದರೆ, ಕರೆಂಟ್ ಉಲ್ಟಾ ಹರಿದರೆ, ನ್ಯೂಟ್ರಲ್‌ನಲ್ಲಿ ಗಡಿಬಿಡಿ ಆದರೆ, ಕವರ್ ತೆರೆದರೆ, ತಾರೀಕು ಸಮಯ ಸಮೇತ ಒಳಗೆ ದಾಖಲಾಗುತ್ತದೆ. ಒಂದೊಂದಕ್ಕೂ ಒಂದು ಸಂಖ್ಯೆ. ಸ್ಮಾರ್ಟ್ ಮೀಟರ್‌ಗಳ ಮಾನಕದಲ್ಲಿ ಅಯಸ್ಕಾಂತ ತಂದರೆ 201, ತೆಗೆದರೆ 202. ಕವರ್ ತೆರೆದರೆ 251. ಇದರಲ್ಲಿ ಒಂದು ತಮಾಷೆ ಇದೆ. 251ಕ್ಕೆ ಜೋಡಿ ಇಲ್ಲ. ಒಮ್ಮೆ ತೆರೆದರೆ ತೆರೆದದ್ದೇ, "ಮತ್ತೆ ಮುಚ್ಚಿದರು" ಅಂತ ಬರೆದುಕೊಳ್ಳುವುದಿಲ್ಲ.

ಅಯಸ್ಕಾಂತ ಇಟ್ಟು ಮೀಟರ್ ನಿಲ್ಲಿಸುತ್ತೇವೆ ಅನ್ನುವವರಿಗೂ ಒಂದು ಮಾತು. ಈಗಿನ ಎಷ್ಟೋ ಮೀಟರ್‌ಗಳು ಹಾಗೆ ಮಾಡಿದರೆ ಗರಿಷ್ಠ ಕರೆಂಟ್ ಹರಿಯುತ್ತಿದೆ ಅಂತ ಲೆಕ್ಕ ಹಿಡಿದು ಜೋರಾಗಿ ಓಡುತ್ತವೆ. ಕದಿಯಲು ಹೋದವನೇ ಜಾಸ್ತಿ ಕಟ್ಟಬೇಕು.

ಹಾಗಾಗಿ ಕಿಟ್ಟಿಯವರೇ, ಆ ಡೈರಿಯನ್ನು ಇಳಿಸಿಕೊಂಡು ನೋಡಿ ಅಂತ ಪತ್ರದಲ್ಲೇ ಕೇಳಿ. ಅದರಲ್ಲಿ ಏನೂ ಇಲ್ಲದಿದ್ದರೆ ಅದೇ ನಿಮ್ಮ ಸಾಕ್ಷಿ.

ಕುವೆಂಪುನಗರ ಕಿಟ್ಟಿ:
ಮೇಷ್ಟ್ರೇ, ಕೆಳಗೆ ಹೋಗಿ ಟಾರ್ಚ್ ಹಾಕಿ ನೋಡಿದೆ. ಹೋಗಿರುವುದು ಹೊರಗಿನ ಪೆಟ್ಟಿಗೆಯದು. ಒಳಗಡೆ ಮೀಟರ್ ಮೇಲೆ ಇರುವ ಎರಡೂ ನೆಟ್ಟಗಿವೆ. ಆದರೆ ಒಂದು ಕೆಂಪು ದೀಪ ಉರಿಯುತ್ತಿದೆ, ಪಕ್ಕದಲ್ಲಿ ಅರ್ಥ್ ಅಂತೇನೋ ಬರೆದಿದೆ. ಇದು ಮೊದಲಿನಿಂದಲೂ ಇತ್ತಾ ಗೊತ್ತಿಲ್ಲ. ಈಗ ಇದು ಹೊಸ ತಲೆನೋವು.

ಮೀಟರ್ ಮೇಷ್ಟ್ರು:
ಅದು ಅರ್ಥ್ ಲೋಡ್ ದೀಪ. ಫೇಸ್‌ನಲ್ಲಿ ಹೋದಷ್ಟು ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತಿಲ್ಲ ಅಂತ ಅರ್ಥ. ಕಳ್ಳತನದಲ್ಲೂ ಹಾಗಾಗುತ್ತದೆ, ಆದರೆ ನೂರಾರು ಮನೆಗಳಲ್ಲಿ ನಾನು ನೋಡಿದ ಕಾರಣ ಬೇರೆ. ಮೇಲಿನ ಮನೆ, ಕೆಳಗಿನ ಮನೆಗೆ ಎರಡು ಮೀಟರ್ ಇದ್ದು ನ್ಯೂಟ್ರಲ್ ವೈರ್ ಎಲ್ಲೋ ಸೇರಿಕೊಂಡಿರುತ್ತದೆ. ಯುಪಿಎಸ್ ಹಾಕಿಸುವಾಗ ಎಲೆಕ್ಟ್ರೀಷಿಯನ್ ಎರಡನ್ನೂ ಒಂದು ಮಾಡಿ ಹೋಗಿರುತ್ತಾನೆ. ಇಲ್ಲವೇ ಗೀಸರ್ ಲೀಕ್ ಆಗುತ್ತಿರುತ್ತದೆ. ನಿಮ್ಮದು ಎರಡು ಮೀಟರ್ ಮನೆಯಾ?

ಕುವೆಂಪುನಗರ ಕಿಟ್ಟಿ:
ಹೌದು, ಮೇಲೆ ಬಾಡಿಗೆಗೆ ಕೊಟ್ಟಿದ್ದೇವೆ. ಹೋದ ವರ್ಷ ಯುಪಿಎಸ್ಸೂ ಹಾಕಿಸಿದೆವು!

ಮೀಟರ್ ಮೇಷ್ಟ್ರು:
ಹಾಗಾದರೆ ಮೊದಲು ಗೀಸರ್ ಅರ್ಥಿಂಗ್ ನೋಡಿಸಿ. ಲೀಕ್ ಆಗುತ್ತಿದ್ದರೆ ಅದು ಬಿಲ್ಲಿನ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆ. ಆಮೇಲೆ ನ್ಯೂಟ್ರಲ್ ಬೇರೆ ಮಾಡಿಸಿ. ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಕೈಲೇ ಮಾಡಿಸಿ, ಅವರಿಂದ ಒಂದು ಚೀಟಿ ಬರೆಸಿಕೊಳ್ಳಿ.

ಪದಪ್ರಿಯ ಪುಟ್ಟಣ್ಣ:
ಇಲ್ಲೇ ನೋಡಿ ಮಜಾ ಇರುವುದು. ಆ ಯಂತ್ರದ ಭಾಷೆಯಲ್ಲಿ ಗೀಸರ್ ಲೀಕ್ ಕೂಡ "ಟ್ಯಾಂಪರ್"! ಅದಕ್ಕೆ ಉದ್ದೇಶ ಅನ್ನುವುದೇ ಗೊತ್ತಿಲ್ಲ. ನಾವು ಕನ್ನಡದಲ್ಲಿ ಎರಡು ಥರ ಹೇಳುತ್ತೇವೆ. "ಮೀಟರ್ ಟ್ಯಾಂಪರ್ ಆಗಿದೆ" ಅಂದರೆ ಅಲ್ಲಿ ಮನುಷ್ಯ ಕಾಣುವುದಿಲ್ಲ, ಮಳೆ ಬಂತು ಅಂದಹಾಗೆ. "ಟ್ಯಾಂಪರ್ ಮಾಡಿದ್ದಾರೆ" ಅಂದರೆ ತಕ್ಷಣ ಒಬ್ಬ ಆರೋಪಿ ಬೇಕು. ರೀಡಿಂಗ್‌ನವರು ಹೇಳಬೇಕಾಗಿದ್ದದ್ದು ಮೊದಲನೆಯದು, ಕಿಟ್ಟಿಯವರ ಮಾವನವರಿಗೆ ಕೇಳಿಸಿದ್ದು ಎರಡನೆಯದು.

ಇಂಗ್ಲಿಷಿನಲ್ಲಿ ಈ ಪದಕ್ಕೆ "ಆಗು" ರೂಪ ಅಷ್ಟು ಸುಲಭ ಇಲ್ಲ. ಅಲ್ಲಿ ಯಾರೋ ಯಾವುದಕ್ಕೋ ಕೈ ಹಾಕಲೇಬೇಕು. ಅಧಿಕಾರ ಇಲ್ಲದೆ ಹಾಕಬೇಕು, ಕೆಡಿಸುವ ಹಾಗೆ ಹಾಕಬೇಕು. ಸುಮ್ನೆ ಮುಟ್ಟಿದರೆ ಅಲ್ಲ, ರಿಪೇರಿಗೆ ಬಿಚ್ಚಿದರೂ ಅಲ್ಲ. ಮೂಲದಲ್ಲಿ ಇದು "ಟೆಂಪರ್" ಪದದ ಇನ್ನೊಂದು ರೂಪ, ಜೇಡಿಮಣ್ಣು ಕಲಸುವುದಕ್ಕೆ ಬಳಸುತ್ತಿದ್ದರಂತೆ. ಅಲ್ಲಿಂದ ಇನ್ನೊಬ್ಬರ ಕೆಲಸದಲ್ಲಿ ಕೈಯಾಡಿಸುವುದಕ್ಕೆ ಬಂತು.

ಶಿರಸಿ ಸುಬ್ಬಿ:
ಓ, ಅದಕ್ಕೇ ನಮ್ಮ ಮೊಬೈಲ್ ಅಂಗಡಿಯವರು "ಟ್ಯಾಂಪರ್ ಗ್ಲಾಸ್" ಅಂತ ಬರೆದಿದ್ದಾರೆ 😄

ಪದಪ್ರಿಯ ಪುಟ್ಟಣ್ಣ:
ಸುಬ್ಬಿ ಮೇಡಂ, ಅದು ಬರೀ ಕಾಗುಣಿತ.

ಗಂಗಾವತಿ ಗೌರಿ:
ಕನ್ನಡದಲ್ಲಿ ಪದ ಇಲ್ಲವಾ? ಪೇಪರ್‌ಗಳಲ್ಲಿ "ತಿರುಚು" ಅಂತ ಬರೆಯುತ್ತಾರೆ. ದಾಖಲೆ ತಿರುಚಿದ್ದಾರೆ, ವಿಡಿಯೊ ತಿರುಚಿದ್ದಾರೆ.

ಪದಪ್ರಿಯ ಪುಟ್ಟಣ್ಣ:
ದಾಖಲೆಗೆ ತಿರುಚು ಒಪ್ಪುತ್ತದೆ. ಮೀಟರ್‌ಗೆ ಒಪ್ಪುವುದಿಲ್ಲ, ಕೈ ನೋವು ಬಂದೀತು. ಮೀಟರ್‌ಗೆ ನಮ್ಮ ಜನ "ಕೈ ಹಾಕಿದ್ದಾರೆ" ಅಂತಲೇ ಅನ್ನುವುದು, ಅದೇ ಸರಿ. ಬಸು ಅವರೂ ಮೇಲೆ ಅದನ್ನೇ ಬಳಸಿದ್ದಾರೆ ನೋಡಿ. ಸಾಕ್ಷಿ ವಿಷಯಕ್ಕೆ ಬಂದರೆ ಇನ್ನೂ ಬೇರೆ. ಜಾಮೀನಿನ ಷರತ್ತಲ್ಲಿ "ಸಾಕ್ಷ್ಯನಾಶ ಮಾಡಬಾರದು, ಸಾಕ್ಷಿಗಳ ಮೇಲೆ ಪ್ರಭಾವ ಬೀರಬಾರದು" ಅಂತ ಬರುತ್ತದೆ. ಇಂಗ್ಲಿಷಿನವರು ಎರಡಕ್ಕೂ ಟ್ಯಾಂಪರ್ ಅನ್ನುತ್ತಾರೆ. ನಾವು ವಸ್ತುವಿಗೆ ನಾಶ, ಮನುಷ್ಯರಿಗೆ ಪ್ರಭಾವ ಅಂತ ಬೇರೆ ಮಾಡಿಕೊಂಡಿದ್ದೇವೆ. ನನಗೆ ನಮ್ಮದೇ ಚೊಕ್ಕ ಅನ್ನಿಸುತ್ತದೆ.

ಸಿಲ್ಲಿ ಪಾಯಿಂಟ್:
ಇಷ್ಟು ಹೊತ್ತು ಟ್ಯಾಂಪರಿಂಗ್ ಮಾತಾಡಿ ಒಬ್ಬರೂ ಕ್ರಿಕೆಟ್ ಎತ್ತಲಿಲ್ಲ. ಇದು ನಿಜವಾಗಿ ಕನ್ನಡಿಗರ ಗುಂಪೇನಾ?

ಬಾಗಲಕೋಟೆ ಬಸು:
ಬಂತು ನೋಡ್ರಿ ಸ್ಯಾಂಡ್‌ಪೇಪರ್.

ಸಿಲ್ಲಿ ಪಾಯಿಂಟ್:
ಸ್ಯಾಂಡ್‌ಪೇಪರ್ ಎಲ್ಲರಿಗೂ ಗೊತ್ತು. 2018ರ ಮಾರ್ಚ್, ಕೇಪ್‌ಟೌನ್. ಆಸ್ಟ್ರೇಲಿಯಾದ ಬ್ಯಾಂಕ್ರಾಫ್ಟ್ ಚೆಂಡು ಉಜ್ಜಿದ ಹಳದಿ ತುಂಡನ್ನು ಪ್ಯಾಂಟ್ ಒಳಗೆ ತುರುಕಿಕೊಂಡಿದ್ದನ್ನು ಕ್ಯಾಮೆರಾ ಹಿಡಿಯಿತು. ಮೊದಲು ಟೇಪ್ ಅಂದರು, ಆಮೇಲೆ ಮರಳು ಕಾಗದ ಅಂತ ಗೊತ್ತಾಯಿತು. ಅವರ ಕ್ಯಾಪ್ಟನ್ ಸ್ಮಿತ್‌ಗೆ ಐಸಿಸಿ ಕೊಟ್ಟದ್ದು ಒಂದೇ ಟೆಸ್ಟ್ ನಿಷೇಧ. ಅವರದೇ ಮಂಡಳಿ ಸ್ಮಿತ್, ವಾರ್ನರ್ ಇಬ್ಬರಿಗೂ 12 ತಿಂಗಳು, ಬ್ಯಾಂಕ್ರಾಫ್ಟ್‌ಗೆ 9 ತಿಂಗಳು ಹಾಕಿತು.

ನಾನು ಹೇಳಹೊರಟಿದ್ದು ಅದಲ್ಲ, ನಮ್ಮ ದ್ರಾವಿಡ್. 2004ರ ಜನವರಿ, ಬ್ರಿಸ್ಬೇನ್, ಜಿಂಬಾಬ್ವೆ ವಿರುದ್ಧ. ಬಾಯಲ್ಲಿದ್ದ ಕೆಮ್ಮಿನ ಗುಳಿಗೆಯ ಅಂಟು ಚೆಂಡಿನ ಮೇಲೆ ಸವರಿದ್ದು ಟಿವಿಯಲ್ಲಿ ಕಂಡಿತು. ಮ್ಯಾಚ್ ರೆಫರಿ ಕ್ಲೈವ್ ಲಾಯ್ಡ್ ಪಂದ್ಯದ ಸಂಭಾವನೆಯ ಅರ್ಧ ದಂಡ ಹಾಕಿದರು. ಕೋಚ್ ಜಾನ್ ರೈಟ್ ಬೇಕಂತ ಮಾಡಿದ್ದಲ್ಲ ಅಂದರು. ದ್ರಾವಿಡ್ ಬೇಕಂತ ಮೋಸ ಮಾಡಿದ್ದಾರೆ ಅಂತ ಇಲ್ಲಿ ಯಾರಾದರೂ ನಂಬುತ್ತೀರಾ? ಇಲ್ಲ. ದಂಡ ತಪ್ಪಿತಾ? ಅದೂ ಇಲ್ಲ. ಕ್ರಿಕೆಟ್‌ನಲ್ಲಿ ಚೆಂಡಿನ ಸ್ಥಿತಿ ಬದಲಾಯಿಸಿದರೆ ಸಾಕು, ಮನಸ್ಸಲ್ಲಿ ಏನಿತ್ತು ಅಂತ ಅಂಪೈರ್ ಕೇಳುವುದಿಲ್ಲ.

ಕಪ್ಪುಕೋಟು:
ಅದ್ಭುತ. ದ್ರಾವಿಡ್‌ದು 126, ಸ್ಮಿತ್‌ದು 135.

ಸಿಲ್ಲಿ ಪಾಯಿಂಟ್:
ವಕೀಲರೇ ಇದನ್ನು ನಾನು ಕದಿಯುತ್ತೇನೆ, ಅಪ್ರಾಮಾಣಿಕವಾಗಿ.

ಹೊಸಪೇಟೆ ಹನುಮಂತು:
ದ್ರಾವಿಡ್ ಹೆಸರು ಯಾಕೆ ಎಳೆಯುತ್ತೀರಿ? ಆವತ್ತು ಎಂಜಲು ಹಚ್ಚುವುದು ಎಲ್ಲರೂ ಮಾಡುತ್ತಿದ್ದರು. ಗುಳಿಗೆ ಬಾಯಲ್ಲಿದ್ದರೆ ಎಂಜಲಲ್ಲಿ ಸಕ್ಕರೆ ಬಂದೇ ಬರುತ್ತದೆ. ಆಸ್ಟ್ರೇಲಿಯಾ ಕ್ಯಾಮೆರಾಗಳು ನಮ್ಮವರ ಮೇಲೆ ಮಾತ್ರ ಜೂಮ್ ಆಗುತ್ತಿದ್ದವು.

ಸಿಲ್ಲಿ ಪಾಯಿಂಟ್:
ಕೇಪ್‌ಟೌನ್‌ನಲ್ಲಿ ಆಸ್ಟ್ರೇಲಿಯಾದವರ ಮೇಲೇ ಜೂಮ್ ಆಗಿತ್ತಲ್ಲ ಗುರು. ಆತಿಥೇಯರ ಕ್ಯಾಮೆರಾ ಅತಿಥಿಗಳ ಕಡೆ ತಿರುಗಿರುತ್ತದೆ, ಅದು ಹಳೇ ಕಥೆ. ಎಂಜಲು ವಿಷಯ ಇನ್ನೂ ಮಜಾ. ಬೆವರು, ಎಂಜಲು ಎರಡೂ ನಡೆಯುತ್ತಿತ್ತು. ಕೋವಿಡ್ ಬಂದ ಮೇಲೆ 2020ರಲ್ಲಿ ಐಸಿಸಿ ಎಂಜಲು ಬೇಡ ಅಂತು. 2022ರಲ್ಲಿ ಅದನ್ನೇ ಕಾಯಂ ಮಾಡಿತು. ಬೆವರು ಮಾತ್ರ ಈಗಲೂ ಸರಿ. ನಿನ್ನೆ ತನಕ ಎಲ್ಲರ ಮುಂದೆ ಮಾಡುತ್ತಿದ್ದ ಕೆಲಸ ಇವತ್ತು ಅಪರಾಧ. ಅಂದರೆ ಯಾವುದು ಟ್ಯಾಂಪರಿಂಗ್ ಅನ್ನುವುದು ಕೈ ಏನು ಮಾಡಿತು ಅನ್ನುವುದರಲ್ಲಿ ಇಲ್ಲ, ಅನುಮತಿ ಇತ್ತಾ ಅನ್ನುವುದರಲ್ಲಿ ಇದೆ.

ಗಂಗಾವತಿ ಗೌರಿ:
ಕ್ರಿಕೆಟ್‌ನಲ್ಲಿ ಕೂಡ ತಪ್ಪು ಆರೋಪ ಆಗಿದೆಯಲ್ಲ? ಪಾಕಿಸ್ತಾನದವರು ಮೈದಾನಕ್ಕೇ ಬರಲಿಲ್ಲ ಒಂದ್ಸಲ.

ಸಿಲ್ಲಿ ಪಾಯಿಂಟ್:
2006, ಓವಲ್. ಅಂಪೈರ್ ಡ್ಯಾರೆಲ್ ಹೇರ್, ಬಿಲ್ಲಿ ಡಾಕ್ಟ್ರೋವ್ ಚೆಂಡು ಬದಲಿಸಿ ಇಂಗ್ಲೆಂಡಿಗೆ 5 ರನ್ ಕೊಟ್ಟರು. ಇಂಜಮಾಮ್ ತಂಡ ಚಹಾ ವಿರಾಮದ ನಂತರ ಹೊರಗೆ ಬರಲಿಲ್ಲ. ಅಂಪೈರ್‌ಗಳು ಇಂಗ್ಲೆಂಡಿಗೆ ಪಂದ್ಯ ಕೊಟ್ಟುಬಿಟ್ಟರು. ಆಮೇಲೆ ವಿಚಾರಣೆಯಲ್ಲಿ ಟ್ಯಾಂಪರಿಂಗ್ ಆರೋಪ ನಿಲ್ಲಲಿಲ್ಲ. ಆಟಕ್ಕೆ ಕೆಟ್ಟ ಹೆಸರು ತಂದದ್ದಕ್ಕೆ ಮಾತ್ರ ಇಂಜಮಾಮ್‌ಗೆ ನಿಷೇಧ. ಐದು ರನ್ನಿಗಿಂತ ಆ ಪದ ಅವರಿಗೆ ಚುಚ್ಚಿತ್ತು. ಕಿಟ್ಟಿಯವರ ಮಾವನವರ ಹಾಗೆಯೇ.

ರಾಜಾಜಿನಗರ ರೆಬೆಲ್:
ಎಲ್ಲಾ ಬಿಡಿ. ಅಸಲಿ ಟ್ಯಾಂಪರಿಂಗ್ ಇರುವುದು ಇವಿಎಂನಲ್ಲಿ. ಅದನ್ನು ಮಾತಾಡಲು ಯಾರಿಗೂ ಧೈರ್ಯ ಇಲ್ಲ.

ಹೊಸಪೇಟೆ ಹನುಮಂತು:
ನಿಮ್ಮ ಪಕ್ಷ ಗೆದ್ದಲ್ಲಿ ಯಂತ್ರ ಸರಿ ಇರುತ್ತದೆ, ಸೋತಲ್ಲಿ ಕೆಟ್ಟಿರುತ್ತದೆ, ಅಲ್ವಾ?

ರಾಜಾಜಿನಗರ ರೆಬೆಲ್:
ನನ್ನ ಪಕ್ಷ ಯಾವುದು ಅಂತ ನಿಮಗೆ ಹೇಗೆ ಗೊತ್ತು?

ಹೊಸಪೇಟೆ ಹನುಮಂತು:
ಯಾವುದಾದರೂ ಆಗಲಿ, ಎಲ್ಲಾ ಪಕ್ಷದವರೂ ಒಂದಲ್ಲ ಒಂದು ಸಲ ಇದನ್ನೇ ಹೇಳಿದ್ದಾರೆ.

ಸಂಜೆ ಕಾಫಿ:
ನಾನು ಮತಗಟ್ಟೆ ಡ್ಯೂಟಿ ಮಾಡಿದ್ದೇನೆ. ಬೆಳಗ್ಗೆ ಏಜೆಂಟರ ಮುಂದೆ ಅಣಕು ಮತದಾನ ಮಾಡಿ, ಅಳಿಸಿ, ಹಸಿರು ಕಾಗದದ ಸೀಲಿನ ಮೇಲೆ ಅವರ ಸಹಿಯನ್ನೂ ಹಾಕಿಸಿ ಸೀಲ್ ಮಾಡುತ್ತೇವೆ. ಆ ಸೀಲು ಕಳ್ಳನನ್ನು ತಡೆಯುವುದಿಲ್ಲ, ಅದು ಬರೀ ಕಾಗದ. ಮುಟ್ಟಿದರೆ ಗೊತ್ತಾಗುತ್ತದೆ, ಅಷ್ಟೇ ಅದರ ಕೆಲಸ. ಕಿಟ್ಟಿಯವರ ತಂತಿಯದೂ ಅದೇ ಕೆಲಸ.

ಮಾಡರೇಟರ್ ಹುಣಸೆಮರ:
ಇವಿಎಂಗೆ ಬೇರೆ ಕೋಣೆ ಇದೆ, ಅಲ್ಲಿ ಜಾಗವೂ ಬೇಕಾದಷ್ಟಿದೆ. ಇಲ್ಲಿ ಮುಂದುವರಿಸಿದರೆ ಅಳಿಸುತ್ತೇನೆ.

ರಾಜಾಜಿನಗರ ರೆಬೆಲ್:
ನೋಡಿ, ಇದೇ ಟ್ಯಾಂಪರಿಂಗ್.

ಮಾಡರೇಟರ್ ಹುಣಸೆಮರ:
ಅಲ್ಲ. ನನಗೆ ಅಧಿಕಾರ ಇದೆ.

ನ್ಯೂಜೆರ್ಸಿ ನಾಗವೇಣಿ:
ಹಹ್ಹಾ, ಮಾಡರೇಟರ್ ಅವರಿಗೆ ಪೂರ್ತಿ ಅಂಕ. ಸಂಜೆ ಕಾಫಿ ಅವರು ಹೇಳಿದ್ದು ನಮ್ಮ ಕೆಲಸದಲ್ಲಿ ದಿನಾ ಬರುತ್ತದೆ, ನಾನು ಫಾರ್ಮಸಿಯಲ್ಲಿ ಇರುವುದು. ಇಲ್ಲಿ ಔಷಧಿ ಬಾಟಲಿ ತೆಗೆಯುವುದು ಒಂದು ಯುದ್ಧ. ಪೆಟ್ಟಿಗೆಗೆ ಅಂಟು, ಮುಚ್ಚಳಕ್ಕೆ ಪ್ಲಾಸ್ಟಿಕ್ ಪಟ್ಟಿ, ಒಳಗೆ ಬಾಯಿಗೆ ಬೆಳ್ಳಿ ಕಾಗದ. ಅಮ್ಮ ಊರಿಂದ ಬಂದಾಗ ಇದೇನು ಖಜಾನೆಯಾ ಅಂತ ಬೈದಿದ್ದರು.

ಇದೆಲ್ಲ ಶುರುವಾದದ್ದು 1982ರಲ್ಲಿ. ಷಿಕಾಗೊ ಸುತ್ತಮುತ್ತ ಯಾರೋ ಅಂಗಡಿಯಲ್ಲಿದ್ದ ಟೈಲೆನಾಲ್ ಕ್ಯಾಪ್ಸೂಲ್‌ಗಳಿಗೆ ಸಯನೈಡ್ ತುಂಬಿ ವಾಪಸ್ ಇಟ್ಟಿದ್ದರು. ತಲೆನೋವಿಗೆ ಮಾತ್ರೆ ನುಂಗಿದ 7 ಜನ ಸತ್ತರು. ಕೊಲೆ ಮಾಡಿದ್ದು ಇವರೇ ಅಂತ ಇವತ್ತಿನವರೆಗೂ ಯಾರಿಗೂ ಶಿಕ್ಷೆ ಆಗಿಲ್ಲ. ಕಂಪನಿ ದೇಶದ ತುಂಬಾ ಇದ್ದ ಸುಮಾರು 3 ಕೋಟಿ 10 ಲಕ್ಷ ಬಾಟಲಿ ವಾಪಸ್ ತರಿಸಿತು. ಅದೇ ವರ್ಷ ಸರ್ಕಾರ ಇಂಥ ಔಷಧಿಗಳ ಪೊಟ್ಟಣಕ್ಕೆ ಹೊಸ ನಿಯಮ ಮಾಡಿತು. ಮುಂದಿನ ವರ್ಷ ಹೀಗೆ ಕೈ ಹಾಕುವುದನ್ನೇ ಕೇಂದ್ರದ ಅಪರಾಧ ಮಾಡಿ ಕಾನೂನು ಬಂತು.

ನಮ್ಮಲ್ಲಿ ಮೊದಲು ಇದನ್ನು "ಟ್ಯಾಂಪರ್ ಪ್ರೂಫ್" ಅನ್ನುತ್ತಿದ್ದರು, ಯಾರಿಂದಲೂ ಮುಟ್ಟಲಾಗದ್ದು ಅಂತ. ಅಂಥದ್ದು ಯಾವುದೂ ಇಲ್ಲ ಅಂತ ಎಲ್ಲರಿಗೂ ಗೊತ್ತು. ಈಗ ಹೇಳುವುದು "ಟ್ಯಾಂಪರ್ ಎವಿಡೆಂಟ್". ಮುಟ್ಟಿದರೆ ಕಾಣಬೇಕು. ಗ್ರಾಹಕರೇ ನೋಡಿ, ಹರಿದಿದ್ದರೆ ತಗೋಬಾರದು. ಅಲ್ಲಿ ಸೀಲು ನಮ್ಮನ್ನು ಕಾಪಾಡುವುದಕ್ಕೆ. ಮೀಟರ್ ಸೀಲು ಕಂಪನಿಯನ್ನು ನಮ್ಮಿಂದ ಕಾಪಾಡುವುದಕ್ಕೆ. ಸೀಲು ಒಡೆದಾಗ ಅನುಮಾನ ಯಾರ ಮೇಲೆ ಬರುತ್ತದೆ ಅನ್ನುವುದು ಅದರಿಂದಲೇ ತೀರ್ಮಾನ ಆಗುತ್ತದೆ.

ಬಾಗಲಕೋಟೆ ಬಸು:
ಇದು ಬರೋಬ್ಬರಿ ಮಾತು ಅಕ್ಕಾರ. ಪೆಟ್ರೋಲ್ ಬಂಕಿನ ಸೀಲು ನಮ್ಮ ಕಡೆಯದು. ಅಲ್ಲಿ ಯಾರೂ ಟಾರ್ಚ್ ಹಾಕಿ ನೋಡುವುದಿಲ್ಲ.

ಹೊಸಪೇಟೆ ಹನುಮಂತು:
ಅಲ್ಲಿ ನಾವು ನೋಡುವುದು ಸೊನ್ನೆ ಬಂತಾ ಅಂತ ಮಾತ್ರ. ಕೇಳಿದರೆ 5 ಲೀಟರಿನ ಅಳತೆ ಡಬ್ಬದಲ್ಲಿ ಹಾಕಿ ತೋರಿಸಬೇಕು, ಅದು ಪ್ರತಿ ಬಂಕಿನಲ್ಲೂ ಇರಬೇಕು. 25 ಮಿಲಿ ಆಚೀಚೆ ಆದರೆ ನಡೆಯುತ್ತದೆ, ಅದಕ್ಕಿಂತ ಕಮ್ಮಿ ಆದರೆ ಕಾನೂನು ಮಾಪನ ಇಲಾಖೆಗೆ ದೂರು. ನಾನು ಒಮ್ಮೆ ಕೇಳಿದೆ. ಹಿಂದಿನ ಸಾಲಿನವರೆಲ್ಲ ಹಾರ್ನ್ ಹೊಡೆದು ನನ್ನನ್ನೇ ಕಳ್ಳನ ಥರ ನೋಡಿದರು.

ಬಾಡಿಗೆ ಭಾರತಿ:
ನನ್ನದೊಂದು ಪ್ರಶ್ನೆ. ನಾವು ಬಾಡಿಗೆಗೆ ಬರುವ ಮೊದಲೇ ಹಿಂದಿನವರು ಮೀಟರ್‌ಗೆ ಕೈ ಹಾಕಿದ್ದರೆ? ನಮಗೆ ಗೊತ್ತೇ ಇರುವುದಿಲ್ಲ.

ಕಪ್ಪುಕೋಟು:
ಗೊತ್ತಿಲ್ಲದೆ ಬಳಸಿದರೆ ಕಳ್ಳತನದ ಕೇಸು ನಿಲ್ಲುವುದು ಕಷ್ಟ. ಆದರೆ 126ರಲ್ಲಿ ಆ ಬಳಕೆಯಿಂದ ಲಾಭ ಪಡೆದವರ ಮೇಲೂ ಲೆಕ್ಕ ಹಾಕಬಹುದು. ಅದಕ್ಕೇ ಮನೆ ಹಿಡಿಯುವ ದಿನ ರೀಡಿಂಗ್ ಜೊತೆಗೆ ಸೀಲುಗಳ ಫೋಟೊ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿ. ಗೋಡೆಯ ಮೊಳೆ ತೂತಿನ ಫೋಟೊ ತೆಗೆಯುತ್ತೀರಿ, ಮೀಟರ್‌ದು ಯಾರೂ ತೆಗೆಯುವುದಿಲ್ಲ.

126ರ ನೋಟಿಸ್ ಬಂದರೆ ಅದು ತಾತ್ಕಾಲಿಕ ಲೆಕ್ಕ, ಕೊನೆಯದಲ್ಲ. ಆಕ್ಷೇಪಣೆ ಸಲ್ಲಿಸಬಹುದು. ಅಂತಿಮ ಆದೇಶ ಬಂದ ಮೇಲೆ 30 ದಿನದೊಳಗೆ ಮೇಲ್ಮನವಿ, ಆದರೆ ಅದಕ್ಕೆ ಅರ್ಧ ಮೊತ್ತ ಮೊದಲೇ ಕಟ್ಟಬೇಕು. ತುಂಬಾ ಜನ ಹೆದರಿ ಮೊದಲನೇ ಕಾಗದಕ್ಕೇ ಪೂರ್ತಿ ದುಡ್ಡು ಕಟ್ಟಿ ಬರುತ್ತಾರೆ.

ಗಂಗಾವತಿ ಗೌರಿ:
ಸ್ಕ್ವಾಡ್‌ನವರು ಯಾವಾಗ ಬೇಕಾದರೂ ಮನೆ ಒಳಗೆ ಬರಬಹುದಾ ಸರ್?

ಕಪ್ಪುಕೋಟು:
ವಾಸದ ಮನೆಗೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಶೋಧನೆ ಮಾಡುವ ಹಾಗಿಲ್ಲ, ಆ ಮನೆಯ ವಯಸ್ಕ ಗಂಡಸು ಒಬ್ಬರು ಇದ್ದರೆ ಮಾತ್ರ ಸರಿ. ಏನಾದರೂ ವಶಪಡಿಸಿಕೊಂಡರೆ ಪಟ್ಟಿ ಮಾಡಿ ಒಂದು ಪ್ರತಿ ನಿಮಗೆ ಕೊಡಬೇಕು. ಓದದೆ ಸಹಿ ಹಾಕಬೇಡಿ.

ಗಂಗಾವತಿ ಗೌರಿ:
ವಯಸ್ಕ ಗಂಡಸಾ? ಮನೆ ನನ್ನದು, ಮೀಟರ್ ನನ್ನ ಹೆಸರಲ್ಲಿದೆ, ಬಿಲ್ ನಾನು ಕಟ್ಟುತ್ತೇನೆ. ಸಾಕ್ಷಿಗೆ ಮಾತ್ರ ಗಂಡಸು ಬೇಕಾ?

ಶಿರಸಿ ಸುಬ್ಬಿ:
ಗೌರಿ ಅಕ್ಕ, ಒಳ್ಳೆಯದೇ ಆಯಿತು ಅಂದುಕೊಳ್ಳಿ. ನಾವು ಒಬ್ಬರೇ ಇದ್ದರೆ ರಾತ್ರಿ ಅವರು ಬರುವ ಹಾಗೇ ಇಲ್ಲವಲ್ಲ.

ಗಂಗಾವತಿ ಗೌರಿ:
ಅದೂ ಹೌದು. ಆದರೂ ಓದಿದರೆ ಮೈ ಉರಿಯುತ್ತದೆ.

ಕುವೆಂಪುನಗರ ಕಿಟ್ಟಿ:
ಪತ್ರ ಕೊಟ್ಟು ಬಂದೆ. ಮೊದಲು "ಯಾಕೆ ಸರ್, ಸುಮ್ನೆ ಬಿಡಿ, ಯಾರಾದರೂ ಬಂದಾಗ ಹಾಕುತ್ತಾರೆ" ಅಂದರು. ಮೊಹರು ಹಾಕಿಕೊಡಿ ಅಂದಾಗ ಮುಖ ಸ್ವಲ್ಪ ಸಣ್ಣದಾಯಿತು, ಆದರೆ ಹಾಕಿಕೊಟ್ಟರು. ಎಲೆಕ್ಟ್ರೀಷಿಯನ್ ಬಂದು ನೋಡಿದರು, ಗೀಸರ್ ಸರಿ ಇದೆ. ಯುಪಿಎಸ್ ಹತ್ತಿರ ಮೇಲಿನ ಮನೆಯ ನ್ಯೂಟ್ರಲ್ ನಮ್ಮದರ ಜೊತೆ ಸೇರಿತ್ತು. ಬೇರೆ ಮಾಡಿದ ಮೇಲೆ ಕೆಂಪು ದೀಪ ಆರಿದೆ. ಮೀಟರ್ ಪರೀಕ್ಷೆಗೆ ಇನ್ನೂ ಬಂದಿಲ್ಲ. ಎಲ್ಲರಿಗೂ ಥ್ಯಾಂಕ್ಸ್, ವಿಶೇಷವಾಗಿ ಮೇಷ್ಟ್ರಿಗೆ, ವಕೀಲರಿಗೆ.

ಮೀಟರ್ ಮೇಷ್ಟ್ರು:
ಡೈರಿಯಲ್ಲಿ ಹಳೇ ಅರ್ಥ್ ಲೋಡ್ ದಾಖಲೆ ಇದ್ದೇ ಇರುತ್ತದೆ. ಅವರು ಕೇಳಿದರೆ ಎಲೆಕ್ಟ್ರೀಷಿಯನ್ ಕೊಟ್ಟ ಚೀಟಿ ತೋರಿಸಿ.

ಬಾಗಲಕೋಟೆ ಬಸು:
ನಾನು ಈಗಲೂ ಹೇಳುವುದು, ಸೀಲು ಹಾಳು ಮಾಡಿದ್ದಕ್ಕೆ ಒಂದು ಸಣ್ಣ ದಂಡ ಇರಬೇಕು. ಕಳ್ಳತನ ಅನ್ನಬೇಡಿ, ಒಪ್ಪಿದೆ. ಆದರೆ ಪುಕ್ಕಟೆ ಬಿಟ್ಟರೆ ನಾಳೆ ಊರಿನ ಎಲ್ಲಾ ಪೇಂಟರ್‌ಗಳಿಗೂ ಇದೇ ಕೆಲಸ.

ಸಂಜೆ ಕಾಫಿ:
ಪೇಂಟರ್ ಪಾಪ. ಅವನಿಗೆ ಅದು ಸೀಲು ಅಂತಲೇ ಗೊತ್ತಿರಲಿಕ್ಕಿಲ್ಲ.

ಚಿಕ್ಕಮಗಳೂರು ಚಂದು:
ಒಂದು ಸಣ್ಣ ಅನುಮಾನ, ಇಲ್ಲೇ ಕೇಳಿಬಿಡುತ್ತೇನೆ. ಎಸ್ಪ್ರೆಸೊ ಮಾಡುವಾಗ ಪುಡಿ ಒತ್ತುವ ಸಾಧನಕ್ಕೂ ಟ್ಯಾಂಪರ್ ಅಂತಾರೆ. ಅದು ಯಾವ ಕಲಂ?

ಪದಪ್ರಿಯ ಪುಟ್ಟಣ್ಣ:
ಅದು ಬೇರೆಯೇ ಪದ ಮಾರಾಯ್ರೆ. ಟ್ಯಾಂಪ್ ಅಂದರೆ ಒತ್ತಿ ಗಟ್ಟಿ ಮಾಡುವುದು. ರೈಲು ಹಳಿ ಕೆಳಗೆ ಜಲ್ಲಿ ಒತ್ತಲು ಟ್ಯಾಂಪಿಂಗ್ ಮಷಿನ್ ಬರುತ್ತದಲ್ಲ, ಅದೇ.

ಸಂಜೆ ಕಾಫಿ:
ಚಿಕ್ಕಮಗಳೂರಲ್ಲಿದ್ದು ಎಸ್ಪ್ರೆಸೊ ಕುಡಿಯುತ್ತೀರಾ? ಫಿಲ್ಟರಿಗೆ ಏನಾಗಿದೆ?

ಚಿಕ್ಕಮಗಳೂರು ಚಂದು:
ಫಿಲ್ಟರೂ ಇದೆ. ಅದರ ಕೊಡೆಯಲ್ಲಿ ಪುಡಿ ಜಾಸ್ತಿ ಒತ್ತಿದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ, ಕಮ್ಮಿ ಒತ್ತಿದರೆ ನೀರು. ಅಮ್ಮ ಹೊರಗೆ ಹೋದಾಗ ನಾನು ಸ್ವಲ್ಪ ಒತ್ತಿ ನೋಡುತ್ತೇನೆ.

ಕಪ್ಪುಕೋಟು:
ಅಮ್ಮನ ಅನುಮತಿ ಇಲ್ಲದೆಯಾ? ಇದು ನೇರ 135.